ಮರ ನಮ್ಮದು, ನೆರಳು ಅವರದು

ತೋಟ ನೋಡಲು ಬಂದವರಿಗೆ ನಾನು ಹದಿನೇಳು ಎಂದು ಹೇಳುತ್ತಿದ್ದೆ. ಹದಿನೇಳು ಜಾತಿಯ ತಾಳೆಗಳು, ಹೆಚ್ಚಿನವು ಹೊರದೇಶದವು. ನಿಜವಾಗಿ ಹದಿನೆಂಟು ಇದ್ದವು. ಹದಿನೆಂಟನೆಯದು ಪಡುವಣ ಗಡಿಯಲ್ಲಿ, ಉಳಿದೆಲ್ಲವುಗಳ ಮೂರು ಪಟ್ಟು ಎತ್ತರಕ್ಕೆ ನಿಂತಿತ್ತು. ಅದರ ಕಾಂಡಕ್ಕೆ ಮೊಳೆ ಹೊಡೆದು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೆವು. ಮೊಳೆ ಹೊಡೆದವನು ನಾನೇ.

ನಮ್ಮ ಮನೆ ಇರುವುದು ಕಾಸರಕೋಡದಿಂದ ಅಪ್ಸರಕೊಂಡದ ಕಡೆಗೆ ಹೋಗುವ ದಾರಿಯಲ್ಲಿ, ಚಿರೆಕಲ್ಲಿನ ಇಳಿಜಾರಿನ ಮೇಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲೇ ನನಗೆ ಈ ತಾಳೆಗಳ ಹುಚ್ಚು ಹತ್ತಿತು. ಬೀಜಗಳು ಅಂಚೆಯಲ್ಲಿ ಬರುತ್ತಿದ್ದವು. ಅವನ್ನು ಮೂರು ದಿನ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನ ಪುಡಿಯೊಳಗೆ ಹುದುಗಿಸಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನ ಮೇಲೆ ಇಡಬೇಕು. ಅಲ್ಲಿ ಸದಾ ಒಂದು ಹದದ ಶಾಖ ಇರುತ್ತದೆ. ಕೆಲವು ಬೀಜ ಮೊಳೆಯಲು ವರ್ಷ ತೆಗೆದುಕೊಂಡವು. ನನ್ನ ಹೆಂಡತಿ ಆ ಡಬ್ಬಿಗಳ ಧೂಳು ಒರೆಸುತ್ತಾ, "ಇವಕ್ಕೆ ಹುಟ್ಟುಕೆ ಮನಸ್ಸಿಲ್ಲ, ನಿಮಗೆ ಬಿಡುಕೆ ಮನಸ್ಸಿಲ್ಲ," ಎನ್ನುತ್ತಿದ್ದಳು.

ಹುಟ್ಟಿದವುಗಳನ್ನು ನಾನು ಸಾಕಿದ್ದು ಹೇಗೆಂದರೆ, ಕೆಂಪು ತೊಟ್ಟಿನದಕ್ಕೆ ಉಪ್ಪುಗಾಳಿ ಆಗದೆಂದು ಹೆಂಡತಿಯ ಹಳೆಯ ಸೀರೆಗಳ ಪರದೆ ಕಟ್ಟಿದೆ. ಬೆಳ್ಳಿ ಎಲೆಯ ಮಡಗಾಸ್ಕರ್ ತಾಳೆಯ ಬುಡದಲ್ಲಿ ನೀರು ನಿಲ್ಲಬಾರದೆಂದು ಚಿರೆಕಲ್ಲು ಒಡೆಸಿ ಕಾಲುವೆ ತೆಗೆಸಿದೆ. ದಿನಾ ಬೆಳಿಗ್ಗೆ ಕೊಕ್ಕೆ ಬಗ್ಗಿಸಿದ ತಂತಿ ಹಿಡಿದು ಸುಳಿ ಕೊರೆದು ತಿನ್ನುವ ಕುರುವಾಯಿ ಹುಳಗಳನ್ನು ಎಳೆದು ತೆಗೆಯುತ್ತಿದ್ದೆ. ಒಂದೊಂದರ ಬುಡದಲ್ಲೂ ತಗಡಿನ ಚೀಟಿಯ ಮೇಲೆ ಹೆಸರು, ಊರು, ನೆಟ್ಟ ವರ್ಷ ಬರೆದಿತ್ತು. ಅಪ್ಸರಕೊಂಡದ ಜಲಪಾತ ನೋಡಿ ಬಂದ ಪ್ರವಾಸಿಗಳು ಗೇಟಿನ ಹತ್ತಿರ ಕಾರು ನಿಲ್ಲಿಸಿ, ಹೊಟ್ಟೆ ಉಬ್ಬಿದ ಬಾಟಲ್ ಪಾಮನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಊರಿನವರು ತಬ್ಬಲಿಲ್ಲ. ಅವರದು ಒಂದೇ ಪ್ರಶ್ನೆ.

"ಇದ್ರಲ್ಲಿ ಎಂತ ಆಗ್ತದೆ ಮಾಸ್ತರ್ರೆ?"

"ಎಂತದೂ ಆಗುದಿಲ್ಲ."

"ಹಂಗಾರೆ ಹುಳ ತೆಗಿಯುದು ಎಂತಕ್ಕೆ? ತಿನ್ಕಂಡು ಹೋಗ್ಲಿ."

ಹೀಗೆ ಕೇಳಿದವರು ಕೆಳಮನೆಯ ಅಕ್ಕ. ನಮ್ಮ ಗಡಿಯ ಕೆಳಗೆ, ಸಮುದ್ರದ ಬದಿಗೆ ಅವರ ಮನೆ. ಗಂಡ ಕಾಸರಕೋಡದ ಬಂದರಿನಿಂದ ಬೋಟಿಗೆ ಹೋಗುವವರು. ಅಕ್ಕ ಅಂಗಳದಲ್ಲಿ ಮೀನು ಒಣಗಿಸಿ ಪೇಟೆಗೆ ಕೊಡುತ್ತಾರೆ. ನನಗಿಂತ ಚಿಕ್ಕವರಾದರೂ ನಾನು ಅವರನ್ನು ಅಕ್ಕ ಎಂದೇ ಕರೆಯುವುದು, ಅವರು ನನ್ನನ್ನು ಮಾಸ್ತರ್ರು ಎನ್ನುವುದು. ಅವರ ಮಗಳಿಗೆ ನಾನು ಪಾಠ ಹೇಳಿದ್ದೆ.

ಎರಡು ವರ್ಷದ ಹಿಂದೆ, ಮಳೆ ಮುಗಿಯುವ ಹೊತ್ತಿಗೆ, ಕುಮಟೆಯಿಂದ ಒಬ್ಬರು ತೋಟ ನೋಡಲು ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ನಾನು ಹದಿನೇಳನ್ನೂ ಒಂದೊಂದಾಗಿ ತೋರಿಸಿದೆ. ಅವರು ಸಭ್ಯರು, ಪ್ರತಿಯೊಂದರ ಮುಂದೆಯೂ ನಿಂತು ತಲೆದೂಗಿದರು. ಕೊನೆಗೆ ಕೈ ತೊಳೆಯಲು ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಒಣಗಲು ಹಾಕಿದ್ದ ನನ್ನ ಪಂಚೆಯನ್ನು ಒಂದು ಕೈಯಲ್ಲಿ ಸರಿಸಿ ಹಿಡಿದು, ಮೇಲೆ ನೋಡುತ್ತಾ ನಿಂತಿದ್ದರು.

"ಇದು ಯಾಕೆ ಹೇಳಲಿಲ್ಲ ನೀವು?" ಎಂದರು.

"ಅದು ಓಲೆಮರ. ಅಮ್ಮನ ಕಾಲದಿಂದ ಇದೆ."

"ಇದು ಶ್ರೀತಾಳೆ. ಮಡಗಾಸ್ಕರದ್ದು ಯಾರ ನರ್ಸರಿಯಲ್ಲೂ ಸಿಗ್ತದೆ. ಇದು ನಮ್ಮ ಕಡೆ ಎಷ್ಟು ಉಳಿದಿದೆ ಅಂತ ನಾನು ಹುಡುಕ್ತಾ ತಿರುಗ್ತಿದ್ದೇನೆ."

ಹಿಂದೆ ತಾಡವೋಲೆ ಬರೆಯುತ್ತಿದ್ದುದೂ ಮಳೆಗೆ ಕೊಡೆ ಕಟ್ಟುತ್ತಿದ್ದುದೂ ಇದರ ಎಲೆಯಲ್ಲಿ ಎಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಮನೆಯಲ್ಲಿ ಅದೇ ಮರದ ಕೆಳಗೆ ಪಂಚೆ ಒಣಗಿಸುತ್ತಾ, ಶಾಲೆಯಲ್ಲಿ ಹಾಗೆ ಹೇಳಿದ್ದೆ. ಅವರು ಸುಳಿಯ ಕಡೆಗೆ ಬೆರಳು ತೋರಿಸಿದರು. ಅಲ್ಲಿ ಎಲೆಯಲ್ಲದ ಏನೋ ಒಂದು, ದಪ್ಪ ಈಟಿಯ ಹಾಗೆ ಎದ್ದಿತ್ತು. ಅದು ಹೂವಿನ ಕೊಂಬು ಎಂದರು. ಈ ಮರ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ನಾಲ್ಕೈದು ದಶಕ ಕಾಂಡದಲ್ಲಿ ಕೂಡಿಟ್ಟ ಹಿಟ್ಟನ್ನೆಲ್ಲ ಅದಕ್ಕೇ ಖರ್ಚು ಮಾಡಿ, ಕಾಯಿ ಉದುರಿಸಿ ಸಾಯುತ್ತದೆ. ಬೀಜ ಸಿಗುವುದು ಆ ಒಂದು ಸಲ ಮಾತ್ರ. "ದಯವಿಟ್ಟು ಕಡಿಸಬೇಡಿ," ಎಂದರು ಅವರು. ಕಡಿಸುವುದು ಯಾಕೆ ಎಂದು ನಾನು ಕೇಳಿದೆ. ಅವರು ನಕ್ಕು, "ಕಡಿಸಿ ಅಂತ ಕೇಳುವವರು ಬರ್ತಾರೆ," ಎಂದರು.

ಹೆಂಡತಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. "ನಂಗೆ ಆ ಮರ ಅಲ್ಲಿದೆ ಅಂತ ಗೊತ್ತಿತ್ತು. ನೋಡ್ದೆ ಇದ್ದದ್ದು ನೀವು," ಎಂದು ಹಗ್ಗ ಬಿಚ್ಚಿ ಬೇರೆ ಕಡೆ ಕಟ್ಟಿದಳು.

ಕೇಳುವವರು ಮೂರನೆಯ ದಿನ ಬಂದರು. ಕೆಳಮನೆಯ ಅಕ್ಕ ಗಡಿಯ ಕಲ್ಲಿನ ಮೇಲೆ ಮೀನಿನ ಬುಟ್ಟಿ ಇಟ್ಟು, ಬೇರೆಲ್ಲೋ ನೋಡುತ್ತಾ ಮಾತು ತೆಗೆದರು.

"ಓಲೆಮರ ಕೊಂಬು ಎತ್ತಿದೆ ಮಾಸ್ತರ್ರೆ. ಅರಳುದ್ರೊಳಗೆ ಕಡಿಸ್ಬೇಕು."

"ಯಾಕೆ?"

"ಅದು ಹೂ ಬಿಟ್ರೆ ನೆಳ್ಳು ಬಿದ್ದ ಮನೆಗೆ ಕೇಡು. ಮುಂಚಿಂದ ಹಂಗೇ. ಮೊಗ್ಗೆಯಲ್ಲೇ ಕಡುದು."

ನಮ್ಮ ಕರಾವಳಿಯಲ್ಲಿ ಹೀಗೊಂದು ನಂಬಿಕೆ ಇದೆಯೆಂದು ನಾನು ಅಷ್ಟರಲ್ಲಿ ಕುಮಟೆಯವರಿಗೆ ಫೋನು ಮಾಡಿ ತಿಳಿದಿದ್ದೆ. ಹಸಿವಿನ ಕಾಲದಲ್ಲಿ ಜನ ಕಾಂಡದ ತಿರುಳಿನಿಂದ ಹಿಟ್ಟು ತೆಗೆಯುತ್ತಿದ್ದರಂತೆ. ಹೂ ಅರಳಿದರೆ ಹಿಟ್ಟು ಮುಗಿದ ಹಾಗೆ. ಅದಕ್ಕೇ ಮೊದಲು ಕಡಿಯಬೇಕು. ಹಸಿವು ಹೋಯಿತು, ಹೆದರಿಕೆ ಉಳಿಯಿತು ಎಂಬುದು ಅವರ ಊಹೆ. ನಾನು ಅಕ್ಕನಿಗೆ ಅದನ್ನೇ, ಕಪ್ಪು ಹಲಗೆ ಒಂದು ಇಲ್ಲವೆನ್ನುವುದು ಬಿಟ್ಟರೆ ಥೇಟು ಶಾಲೆಯಲ್ಲಿ ಹೇಳುವ ಹಾಗೆ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ಆತು. ಹಿಟ್ಟಿಗೇ ಅಂತ ಇಟ್ಕಳಿ. ಆದ್ರೆ ಮರ ನಿಮ್ದು, ನೆಳ್ಳು ನಮ್ದು."

ಇದು ಲೆಕ್ಕಕ್ಕೆ ಸರಿಯಾಗಿತ್ತು. ಮರ ನಮ್ಮ ಪಡುವಣ ಗಡಿಯಲ್ಲಿದ್ದುದರಿಂದ ಬೆಳಗಿನ ನೆರಳು ಇಳಿಜಾರಿನಲ್ಲಿ ಇಳಿದು ಅವರ ಮೀನಿನ ಅಂಗಳದ ಮೇಲೆ ಬೀಳುತ್ತಿತ್ತು. ನಮ್ಮ ಮನೆಗೆ ಬೀಳುತ್ತಿದ್ದುದು ಸಂಜೆಯ ನೆರಳು. ಅದನ್ನು ಮಧ್ಯದ ಮಾವಿನಮರ ನುಂಗುತ್ತಿತ್ತು.

"ಒಂದು ವರ್ಷ ತಡೀರಿ ಅಕ್ಕ," ಎಂದೆ. "ಕಾಯಿ ಉದುರಿದ ಮೇಲೆ ಅದೇ ಸಾಯ್ತದೆ."

"ಸಾಯುದು ಹೌದು. ಅದು ಒಂದೇ ಸಾಯ್ತದೆ ಅಂತ ನಿಮಗೆ ಯಾರು ಹೇಳಿದ್ರು?"

ಆದರೂ ಅವರು ಜಗಳ ಮಾಡಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದರು. ನಾನು ಗೆದ್ದೆ ಎಂದುಕೊಂಡೆ.

ದೀಪಾವಳಿಯ ಹೊತ್ತಿಗೆ ಹೂ ಅರಳಿತು. ಹೂವೆಂದರೆ ನಾವು ಅಂದುಕೊಳ್ಳುವ ಹೂವಲ್ಲ. ಮರದ ನೆತ್ತಿಯ ಮೇಲೆ ಕೆನೆಬಣ್ಣದ ಇನ್ನೊಂದು ಮರ ನಿಂತ ಹಾಗೆ ಇತ್ತು. ಜೇನುನೊಣಗಳ ಸದ್ದು ನಮ್ಮ ಜಗುಲಿಗೆ ಕೇಳುತ್ತಿತ್ತು. ಪ್ರವಾಸಿಗಳು ಬಾಟಲ್ ಪಾಮನ್ನು ಬಿಟ್ಟು ಇದರ ಫೋಟೊ ತೆಗೆಯಲು ಶುರು ಮಾಡಿದರು. ನಾನು ಹೊಸ ತಗಡಿನ ಚೀಟಿ ಬರೆದು, ಆ ಹಳೆಯ ಮೊಳೆಗೇ ನೇತುಹಾಕಿದೆ. ನೆಟ್ಟ ವರ್ಷದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ.

ಅದಾಗಿ ಎರಡು ವಾರಕ್ಕೆ ಸಮುದ್ರದಲ್ಲಿ ಗಾಳಿ ಎದ್ದಿತು. ಮುನ್ಸೂಚನೆ ಬಂದಿತ್ತು, ಹೊರಗಿದ್ದ ಬೋಟುಗಳು ಒಂದೊಂದಾಗಿ ತಿರುಗಿ ಬಂದವು. ಅಕ್ಕನ ಗಂಡ, ನಾನು ಅಣ್ಣ ಎಂದು ಕರೆಯುವವರು, ಹೋಗಿದ್ದ ಬೋಟು ಬರಲಿಲ್ಲ. ಹೊರಟ ಮೂರನೆಯ ದಿನಕ್ಕೆ ಬರಬೇಕಾದದ್ದು. ವಯರ್‌ಲೆಸ್ಸಿಗೆ ಉತ್ತರವಿಲ್ಲ, ಯಾರ ಫೋನೂ ಹತ್ತುತ್ತಿಲ್ಲ.

ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು. ಇದರಲ್ಲಿ ನನಗೆ ಅನುಕೂಲವಾಗುವ ಹಾಗೆ ತಿದ್ದಿಕೊಳ್ಳುವ ಆಸೆ ಇದೆ.

ಮೂರನೆಯ ದಿನ ಸಂಜೆ ಅಕ್ಕ ನಮ್ಮ ಜಗುಲಿಗೆ ಬಂದು ಕುಳಿತರು. ನಾಲ್ಕನೆಯ ದಿನ ಬೆಳಿಗ್ಗೆ ಬಂದರು, ಸಂಜೆಯೂ ಬಂದರು. ಹೆಚ್ಚು ಮಾತಿಲ್ಲ. ಹೆಂಡತಿ ಕೊಟ್ಟ ಚಾ ಕುಡಿದು, ಕಂಬಕ್ಕೆ ಒರಗಿ, ಗೇಟಿನ ಕಡೆಗೆ ನೋಡುವುದು. ಹೂವಿನ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಉತ್ತರ ಇತ್ತು. ಬೋಟಿನ ಎಂಜಿನ್ನಿಗೂ ಒಂದು ಮರದ ಹೂವಿಗೂ ಸಂಬಂಧವಿಲ್ಲ ಎಂಬುದನ್ನು ಮೂವತ್ತೆರಡು ವರ್ಷ ಬೇರೆ ಬೇರೆ ಉದಾಹರಣೆಗಳಿಂದ ಹೇಳಿದವನು ನಾನು. ಆದರೆ ಅವರು ಬರಿದೇ ಬಂದು ಕೂರುವುದು ನನ್ನ ಮೇಲೆ ತಪ್ಪು ಹೊರಿಸುವುದಕ್ಕೇ ಎಂದು ತಿಳಿದೆ. ಜೇನುನೊಣಗಳ ಸದ್ದು ನಡುವೆ ಕೇಳುತ್ತಲೇ ಇತ್ತು.

ಐದನೆಯ ದಿನ ಬೆಳಿಗ್ಗೆ ಬೆಳಕು ಹರಿದ ಮೇಲೆ ನಾನು ಕೊಟ್ಟಿಗೆಯಿಂದ ಕೊಡಲಿ ತೆಗೆದೆ. ಒಣಗಿದ ಎಲೆ ಕಡಿಯಲು ಎಂದು ಹೆಂಡತಿಗೆ ಹೇಳಿದೆ. ಆ ಎಲೆಗಳು ಇದ್ದದ್ದು ನೆಲದಿಂದ ಎರಡು ಮಾಳಿಗೆಯ ಎತ್ತರದಲ್ಲಿ. ಅವಳು ಒಮ್ಮೆ ಮರದ ನೆತ್ತಿ ನೋಡಿ ಒಳಗೆ ಹೋದಳು. ನೆರಳು ಆಗಲೇ ಇಳಿಜಾರಿನಲ್ಲಿ ಇಳಿದು ಕೆಳಗಿನ ಅಂಗಳ ಮುಟ್ಟಿತ್ತು. ಹೂವಿನ ನೆರಳು ಅವರ ಬಾಗಿಲ ಮೆಟ್ಟಿಲ ಮೇಲೆ ಇತ್ತು. ನಾನು ಚೀಟಿಯನ್ನು ಮೊಳೆಯಿಂದ ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ. ಆಮೇಲೆ ಕಡಿದೆ. ಮೂರು ಏಟು. ಶ್ರೀತಾಳೆಯ ಹೊರಮೈ ಕಬ್ಬಿಣದ ಹಾಗೆ ಗಟ್ಟಿ ಎಂದು ನನಗೆ ಓದಿ ಗೊತ್ತಿತ್ತು. ಈಗ ಮೊಣಕೈಗೂ ಗೊತ್ತಾಯಿತು.

"ಎಂತ ಮಾಡ್ತ್ರಿ ಮಾಸ್ತರ್ರೆ?"

ಅಕ್ಕ ಗಡಿಯ ಕಲ್ಲಿನ ಆಚೆ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ತಿಳಿಯದು.

"ಕಡೀತಿದ್ದೇನೆ," ಎಂದೆ. "ನೀವೇ ಹೇಳಿದ್ರಲ್ಲ."

"ನಾ ಹೇಳಿದ್ದು ಮೊಗ್ಗೆಯಲ್ಲಿ. ಅರಳಿದ್ ಮೇಲೆ ಕಡುಕೆ ಆಗುದಿಲ್ಲ. ಅರಳಿದ್ದು ಕಡದ್ರೆ ಅದು ಇನ್ನೂ ದೊಡ್ಡ ಕೇಡು. ಅಷ್ಟೂ ಗೊತ್ತಿಲ್ವ ನಿಮಗೆ?"

ನನಗೆ ಗೊತ್ತಿರಲಿಲ್ಲ. ನಂಬದಿದ್ದವನು ನಂಬಲು ಹೊರಟಾಗ ಆಗುವ ತಪ್ಪು ಇದು. ನಂಬಿಕೆಗೂ ಒಂದು ವ್ಯಾಕರಣ ಇದೆಯೆಂದು ನಾನು ಯೋಚಿಸಿರಲಿಲ್ಲ.

ಅಕ್ಕ ಕಲ್ಲು ದಾಟಿ ಬಂದು ನನ್ನ ಕೈಯಿಂದ ಕೊಡಲಿ ತೆಗೆದು ನೆಲದ ಮೇಲೆ ಇಟ್ಟರು.

"ಕೇರಿಯಲ್ಲಿ ಯಾರ ಮನೆಗೆ ಹೋದ್ರೂ ಹೂವಿನದ್ದೇ ಮಾತು," ಎಂದರು. "ನಿಮ್ಮನೆಯಲ್ಲಿ ಮಾತ್ರ ಅದು ಇರ್ಲಿಲ್ಲ. ಅದ್ಕೇ ಬಂದು ಕೂತ್ಕಳ್ತಿದ್ದೆ. ಮಾಸ್ತರ್ರು ಹೆದ್ರಲಿಲ್ಲ, ಅಂದ್ರೆ ಎಂತದೂ ಇಲ್ಲ ಅಂತ. ಈಗ ನೀವೂ ಹೆದ್ರಿದ್ರೆ ನಾ ಯಾರ ಮನೆಗೆ ಹೋಗುದು?"

ಅವರು ಎಂದಿನಂತೆ ಜಗುಲಿಗೆ ಹೋಗಿ ಕುಳಿತರು. ನಾನೂ ಹೋಗಿ ಎದುರಿನ ಕುರ್ಚಿಯಲ್ಲಿ ಕುಳಿತೆ. ಹೆದರದವನ ಹಾಗೆ ಕೂರಬೇಕೆಂದು ಪೇಪರು ಬಿಡಿಸಿಕೊಂಡೆ. ಒಂದೇ ಪುಟವನ್ನು ಬಹಳ ಹೊತ್ತು ಓದಿದೆ. ಬೋಟಿನವರು ಸಿಕ್ಕೇ ಸಿಗುತ್ತಾರೆ ಎಂದು ಒಂದು ಸಲ ಗಟ್ಟಿಯಾಗಿ ಹೇಳಿದೆ. ಅಕ್ಕ, "ಹೌದು," ಎಂದರು. ನನ್ನ ಪಾಠವನ್ನು ಅಷ್ಟು ಗಮನ ಕೊಟ್ಟು ಕೇಳಿದವರು ಮತ್ತೊಬ್ಬರಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಬಂತು. ಎಂಜಿನ್ ಕೆಟ್ಟು, ಅದರೊಡನೆ ಬ್ಯಾಟರಿಯೂ ಮುಗಿದು, ವಯರ್‌ಲೆಸ್ಸೂ ಫೋನುಗಳೂ ಸತ್ತು, ಬೋಟು ಗಾಳಿ ಎಳೆದ ಕಡೆಗೆ ಹೋಗಿತ್ತು. ಬೇರೆ ಬೋಟಿನವರು ಕಂಡು ತದಡಿ ಬಂದರಿಗೆ ಎಳೆದು ತಂದಿದ್ದರು. ಎಲ್ಲರೂ ಬದುಕಿದ್ದರು. ಅಕ್ಕ ಫೋನು ಕೆಳಗಿಟ್ಟು, ನನ್ನ ಹೆಂಡತಿಯ ಹೆಗಲ ಮೇಲೆ ತಲೆ ಇಟ್ಟರು. ಅತ್ತದ್ದು ಅವತ್ತೇ, ಆಗ ಮಾತ್ರ.

ಅಣ್ಣ ಮರುದಿನ ಬಂದರು. ತುಟಿ ಬಿರಿದಿತ್ತು, ದನಿ ಇರಲಿಲ್ಲ. ಸಂಜೆ ಮರದ ಬುಡಕ್ಕೆ ಬಂದು ನನ್ನ ಕೊಡಲಿಯ ಮೂರು ಕಚ್ಚುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ನೀವೇಯಾ?"

"ಹೌದು."

"ಕೊಡ್ಲಿ ಹಿಡುದು ಹಂಗಲ್ಲ," ಎಂದರು. ಆ ವಿಷಯದಲ್ಲಿ ಅವರು ನನ್ನೊಡನೆ ಆಡಿದ್ದು ಅಷ್ಟೇ.

ಮರ ತನ್ನ ಕೆಲಸ ಮುಂದುವರಿಸಿತು. ಗೋಲಿಗಿಂತ ದೊಡ್ಡ ಹಸಿರು ಕಾಯಿಗಳು ಲೆಕ್ಕವಿಲ್ಲದಷ್ಟು ಕಟ್ಟಿದವು. ಎಲೆಗಳು ಒಂದೊಂದಾಗಿ ಜೋತುಬಿದ್ದವು. ಮುಂದಿನ ಮಳೆಗಾಲ ಕಳೆದ ಮೇಲೆ ಕಾಯಿ ಉದುರಲು ಶುರುವಾಗಿ, ಹೆಚ್ಚಿನವು ಇಳಿಜಾರಿನಲ್ಲಿ ಉರುಳಿ ಅಕ್ಕನ ಮೀನಿನ ಚಾಪೆಗಳ ಮೇಲೆ ಬಿದ್ದವು. "ಇದೇ ಕೇಡು ಇರ್ಬೇಕು ಮಾಸ್ತರ್ರೆ," ಎಂದು ಅವರು ಪೊರಕೆ ಹಿಡಿದು ಗುಡಿಸುತ್ತಿದ್ದರು. ಕುಮಟೆಯವರು ಎರಡು ಚೀಲ ತೆಗೆದುಕೊಂಡು ಹೋದರು. ನಾನು ಇನ್ನೂರು ಬೀಜ ಮಣ್ಣಿಗೆ ಹಾಕಿದೆ. ಫ್ರಿಜ್ಜಿನ ಮೇಲೆ ಇಡುವ ಅಗತ್ಯ ಬೀಳಲಿಲ್ಲ. ಇದು ಇಲ್ಲಿಯದೇ ಮರ.

ಸಸಿಗಳಾದವು. ತೆಗೆದುಕೊಳ್ಳುವವರು ಇರಲಿಲ್ಲ. ಮಡಗಾಸ್ಕರದ್ದು ಇದ್ದರೆ ಕೊಡಿ ಎಂದು ಕೇಳಿದವರು ಇದ್ದರು. ಇದು ಹೂ ಬಿಡುವುದು ಯಾವಾಗ ಎಂದು ಕೇಳಿ, ಉತ್ತರ ಕೇಳಿ, ನಕ್ಕು ಹೋದವರೂ ಇದ್ದರು. ಊರಿನಲ್ಲಿ ಮೊದಲನೆಯ ಸಸಿ ಕೇಳಿದವರು ಕೆಳಮನೆಯ ಅಕ್ಕ.

"ನಿಮಗೆ ಎಂತಕ್ಕೆ?" ಎಂದೆ. ನಿಜಕ್ಕೂ ಅರ್ಥವಾಗಿರಲಿಲ್ಲ.

"ಹೂ ಬಿಡುವಾಗ ನಾವೂ ಇರುದಿಲ್ಲ, ನೀವೂ ಇರುದಿಲ್ಲ. ಆಗ ಇದ್ದವ್ರು ನೋಡ್ಕಳ್ಲಿ."

ಅವರ ಜಾಗದಲ್ಲಿ, ಗಡಿಯ ಕಲ್ಲಿನಿಂದ ಹತ್ತು ಹೆಜ್ಜೆ ಕೆಳಗೆ, ಅಂಗಳದ ಬಡಗಣ ಮೂಲೆಯಲ್ಲಿ ಅವರೇ ಗುಂಡಿ ತೆಗೆದಿದ್ದರು. ಅಲ್ಲಿ ಮೀನಿಗೆ ಬಿಸಿಲು ತಪ್ಪುತ್ತದಲ್ಲ ಎಂದು ಕೇಳಿದೆ.

"ಬೆಳಗಿನ ನೆಳ್ಳು ಅಂಗಳ ತಪ್ಸಿ ಸಮುದ್ರಕ್ಕೆ ಹೋಗ್ತದೆ. ಸಂಜಿನ ನೆಳ್ಳು ನಿಮ್ಮನೆ ಮೇಲೆ ಬೀಳ್ಬೇಕು. ಲೆಕ್ಕ ಹಾಕಿಯೇ ತೆಗ್ದದ್ದು ಗುಂಡಿ. ನೆಟ್ಟಗೆ ಹಿಡ್ಕಳಿ, ಮಣ್ಣು ಹಾಕ್ತೆ."

ನಾನು ನೆಟ್ಟಗೆ ಹಿಡಿದುಕೊಂಡೆ.