ಎರಡನೇ ಗೇರಿನಲ್ಲಿ ತವರಿನ ಸೀರೆ

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನ ಹಸಿರು ಸೀರೆ ಬರುವವರೆಗೆ ಹೆಣ ಎತ್ತುವುದಿಲ್ಲ. ಗುರುಗುಂಟಾಕ್ಕೆ ಕೊಟ್ಟಿದ್ದ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ, ನಸುಕಿನಲ್ಲಿ ತೀರಿಕೊಂಡಳು. ಅವ್ವ ಮತ್ತು ಉಳಿದವರು ಮೊದಲ ಬಸ್ಸಿಗೆ ಹೋದರು. ಸೀರೆ ಒಯ್ಯುವ ಕೆಲಸ ನನಗೂ ಅಪ್ಪನಿಗೂ ಉಳಿಯಿತು. ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ತೆರೆಯುವುದನ್ನೇ ಕಾಯುತ್ತ ಮೆಟ್ಟಿಲ ಮೇಲೆ ಕುಳಿತೆವು.

ನನಗೆ ಮೊದಲೇ ತಾಳ್ಮೆ ಕಡಿಮೆ. ಅಂಗಡಿ ತೆರೆದ ಮೇಲೆ ಅಪ್ಪ ಸೀರೆಗಳ ರಾಶಿಯನ್ನೇ ಹಾಕಿಸಿದ. ಒಂದು ತೀರ ಗಿಳಿ ಹಸಿರಂತೆ, ಇನ್ನೊಂದರ ಅಂಚು ಸಣ್ಣದಂತೆ. ನನ್ನ ಮದುವೆಗೂ ಅವನು ಇಷ್ಟು ಆರಿಸಿರಲಿಲ್ಲ. ಮಣ್ಣಿಗೆ ಹೋಗುವ ಸೀರೆಗೆ ಇಷ್ಟೇಕೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕೊನೆಗೆ ಕಡು ಹಸಿರಿನದೊಂದು ಆರಿಸಿಕೊಂಡು ಹೇಗೋ ಹೊರಟೆವು. ನಮ್ಮ ಬೈಕಿನ ಗೇರ್ ಲಿವರ್ ಬಹಳ ದಿನದಿಂದ ಲೂಸಾಗಿತ್ತು. ಅದಕ್ಕೆ ಕಾರಣ ನಾವಿಬ್ಬರೇ. ಅಪ್ಪ ದಢೇಸುಗೂರಿನ ಗದ್ದೆಗೆ ಅದನ್ನು ಬರಿಗಾಲಲ್ಲಿ ಓಡಿಸುತ್ತಾನೆ, ನಾನು ಬೂಟು ಹಾಕಿಕೊಂಡು ಕಚೇರಿಗೆ ಓಡಿಸುತ್ತೇನೆ. ಅವನು ತನ್ನ ಕಾಲಿಗೆ ಸರಿಹೋಗಲೆಂದು ಬೋಲ್ಟು ಬಿಚ್ಚಿ ಲಿವರನ್ನು ತಗ್ಗಿಸುವುದು, ನಾನು ಬೈಯುತ್ತ ಮತ್ತೆ ಎತ್ತರಿಸುವುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ ನಮ್ಮ ಹಟದಲ್ಲಿ ಲಿವರಿನ ಒಳಗಿನ ಹಲ್ಲು ಸವೆದಿದ್ದವು.

ಮಸ್ಕಿ ಬಸ್ ನಿಲ್ದಾಣ ದಾಟುವಾಗ ಅದು ಪೂರ್ತಿ ಕೈಕೊಟ್ಟಿತು. ಒತ್ತಿದರೆ ಲಿವರ್ ತನ್ನಷ್ಟಕ್ಕೆ ತಿರುಗುತ್ತದೆ, ಗೇರ್ ಬೀಳುವುದಿಲ್ಲ. ಅದೇ ಹೊತ್ತಿಗೆ ಅತ್ತೆಯ ಮಗನ ಫೋನು.

"ಎಲ್ಲಿ ಅದೀರಿ? ಕುಣಿ ತೋಡಿ ಆಗ್ಯಾದ. ಹೊತ್ತು ಮುಣುಗೂದ್ರಾಗ ಮಣ್ಣಾಗಬೇಕು ಅಂತ ಹಿರ್ಯಾರು ಹೇಳಾಕತ್ತಾರ."

"ಬಂದ್ವಿ, ಬಂದ್ವಿ," ಅಂದೆ. ಬೈಕು ಮಾತ್ರ ನಿಂತಲ್ಲೇ ನಿಂತಿತ್ತು.

ತಳ್ಳಿಕೊಂಡು ಮೆಕ್ಯಾನಿಕ್ ಅಂಗಡಿಗೆ ಹೋದೆವು. ಅವನು ಲಿವರ್ ಅಲ್ಲಾಡಿಸಿ ನೋಡಿ, "ಷಾಫ್ಟಿನ ಹಲ್ಲು ಛಲೋ ಅದಾವ್ರಿ. ಲಿವರ್ ಅಷ್ಟ ಹೋಗ್ಯಾದ. ಸ್ವಲ್ಪ ಕುಂದರ್ರಿ, ಹೊಸಾದು ತರಸ್ತೀನಿ," ಅಂದ.

ಅಪ್ಪ ತಕ್ಷಣ, "ಹೊಸಾದು ಬ್ಯಾಡ. ಸದ್ಯಕ್ಕ ಹೋಗೂಹಂಗ ಮಾಡು, ಸಾಕು," ಅಂದ. ನನಗಿಂತ ಅವನಿಗೇ ಅವಸರ ಹೆಚ್ಚು ಅಂದುಕೊಂಡು ನಾನೂ ಒಪ್ಪಿದೆ.

ಮೆಕ್ಯಾನಿಕ್ ತಂಪು ಪಾನೀಯದ ಖಾಲಿ ಡಬ್ಬಿಯಿಂದ ತೆಳುವಾದ ತಗಡಿನ ಪಟ್ಟಿ ಕತ್ತರಿಸಿ, ಷಾಫ್ಟಿನ ಹಲ್ಲಿಗೆ ಸುತ್ತಿ, ಮೇಲೆ ಲಿವರ್ ಕೂಡಿಸಿ ಬೋಲ್ಟು ಬಿಗಿದ. ನಾನು ಬಿಸಿ ಹೆಂಚಿನ ಮೇಲೆ ನಿಂತವನಂತೆ ಅತ್ತಿತ್ತ ಒದ್ದಾಡುತ್ತಿದ್ದೆ. "ಪದೇ ಪದೇ ಗೇರ್ ಹಾಕಬ್ಯಾಡ್ರಿ, ತಗಡು ಹರೀತದ. ಎರಡನೇ ಗೇರಿನ್ಯಾಗ ಮೆಲ್ಲಕ ಹೋಗ್ರಿ," ಎಂದು ಹೇಳಿ ಕೈ ಒರೆಸಿಕೊಂಡ.

ಮಸ್ಕಿಯಿಂದ ಲಿಂಗಸುಗೂರಿನವರೆಗೆ ಎರಡನೇ ಗೇರು! ಎಂಜಿನ್ ಅರಚಿಕೊಳ್ಳುತ್ತಿತ್ತು, ಬೈಕು ಮಾತ್ರ ತೆವಳುತ್ತಿತ್ತು. ಕುರಿ ಹಿಂಡಿನ ಹಿಂದೆ ನಡೆಯುತ್ತಿದ್ದವನೊಬ್ಬ ನಮ್ಮನ್ನು ನೋಡಿ ನಕ್ಕ. ನನ್ನ ಎಡಗಾಲು ಸುಮ್ಮನಿರಲಾರದೆ ಲಿವರಿನ ಮೇಲೆ ಏರುವುದು, ಇಳಿಯುವುದು. ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು.

ಲಿಂಗಸುಗೂರು ಬಂದೊಡನೆ ಅಪ್ಪ ಭುಜ ತಟ್ಟಿದ. ಚಹಾ ಬೇಕಂತೆ. ನಿಲ್ಲಿಸಿದೆ. ಚಹಾ ತೆಗೆದುಕೊಂಡವನು ಒಂದು ಗುಟುಕೂ ಕುಡಿಯಲಿಲ್ಲ. ಕೆನೆ ಕಟ್ಟುವವರೆಗೆ ಕೈಯಲ್ಲಿ ಹಿಡಿದುಕೊಂಡು ನಿಂತು, ಆಮೇಲೆ ನೆಲಕ್ಕೆ ಚೆಲ್ಲಿದ. ಊರು ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ ಭುಜ ತಟ್ಟಿದ. "ಆ ಬೇವಿನ ಗಿಡದ ತೆಳಗ ನಿಲ್ಸು. ಬೋಲ್ಟು ನೋಡೂನು."

ಬೋಲ್ಟು ಗಟ್ಟಿಯಾಗಿಯೇ ಇತ್ತು. ನನಗೆ ತಲೆಕೆಟ್ಟು ಹೋಯಿತು. "ಯಪ್ಪಾ, ನಿನಗ ಏನಾಗ್ಯಾದ? ಸೀರಿ ಅಂಗಡ್ಯಾಗ ತಡ, ಚಾದಂಗಡ್ಯಾಗ ತಡ! ಹೊಸ ಲಿವರ್ ಹಾಕಿಸಿದ್ರ ಇಷ್ಟೊತ್ತಿಗೆ ಮುಟ್ಟತಿದ್ವಿ. ಅಲ್ಲಿ ಊರಿಗೂರ ಕಾಯಾಕತ್ತಾದ!"

ಅಪ್ಪ ಸೀರೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದ. ರಸ್ತೆಯ ಕಡೆ ನೋಡುತ್ತ ಹೇಳಿದ: "ನಾವು ಮುಟ್ಟಿದ್ವಿ ಅಂದ್ರ ಸೀರಿ ಹೊದಿಸ್ತಾರ. ಹೊದಿಸಿದ್ರ ಎತ್ತತಾರ. ಅಲ್ಲೀತನಕ ಆಕಿ ಮನ್ಯಾಗ ಇರ್ತಾಳಲೇ."

ಇಷ್ಟು ಹೊತ್ತು ಒಂದೇ ಬೈಕಿನ ಮೇಲೆ ಕುಳಿತು ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದಿದ್ದೆವು. ಅವನ ಮೇಲೆ ಸಿಟ್ಟು ಮಾಡಿದ್ದಕ್ಕೆ ಅಳು ಬಂತು, ಅತ್ತೆಗಾಗಿಯೂ ಬಂತು. ಬೆಳಗಿನಿಂದ ಅವಳು ಸತ್ತಿದ್ದಾಳೆ ಎಂಬುದು ನನಗೆ ಬರೀ ಒಂದು ಕೆಲಸವಾಗಿತ್ತು. ಫೋನು ಮತ್ತೆ ನಡುಗಿತು. ನಾನು ಎತ್ತಲಿಲ್ಲ. ಅಪ್ಪನೇ ಕಣ್ಣೊರೆಸಿಕೊಂಡು, "ನಡಿ. ಮಂದಿ ಕಾಯ್ತಾರ," ಅಂದ.

ಗುರುಗುಂಟಾ ಮುಟ್ಟಿದಾಗ ಹೊತ್ತು ಇಳಿದಿತ್ತು. ಓಣಿಯ ತುದಿಯಲ್ಲೇ ಯಾರೋ ಕೂಗಿದರು: "ಬಂತು, ತವರಿನ ಸೀರಿ ಬಂತು!" ಕುಳಿತ ಗಂಡಸರೆಲ್ಲ ಎದ್ದರು. ಹಲಗೆಯವರು ಹಲಗೆ ಬಾರಿಸತೊಡಗಿದರು. ಆ ಸದ್ದಿಗೆ ಅಪ್ಪನ ಕೈ ನನ್ನ ಭುಜವನ್ನು ಹಿಂಡಿತು. ಇಳಿದ ಮೇಲೂ ಅವನು ಚೀಲ ಬಿಡಲಿಲ್ಲ. ಅವ್ವ ಬಂದು ಬೆರಳು ಬಿಡಿಸಿ ತೆಗೆದುಕೊಂಡಳು. ಆ ಕಡು ಹಸಿರು ಅತ್ತೆಗೆ ಚೆನ್ನಾಗಿ ಒಪ್ಪಿತ್ತು.

ಮೂರನೇ ದಿನದ ಶಾಸ್ತ್ರ ಮುಗಿಸಿ ಹಿಂದಿರುಗುವಾಗ ಮಸ್ಕಿಯಲ್ಲಿ ಹೊಸ ಲಿವರ್ ಹಾಕಿಸಿದೆವು. ಎತ್ತರಕ್ಕೆ ಕೂಡಿಸಲೋ ತಗ್ಗಿಗೋ ಎಂದು ಮೆಕ್ಯಾನಿಕ್ ಕೇಳಿದ. ನಾನು ಅಪ್ಪನನ್ನು ನೋಡಿದೆ, ಅಪ್ಪ ನನ್ನ ಬೂಟನ್ನು ನೋಡಿದ. "ಅವನ ಕಾಲಿಗೆ ನೋಡಿ ಕೂಡಿಸಪಾ," ಅಂದ.

ಊರ ಹೊರಗೆ ಬಂದೆವು. ಖಾಲಿ ರಸ್ತೆ. ಗೇರು ಬೆಣ್ಣೆಯಲ್ಲಿ ಇಳಿದಂತೆ ಬೀಳುತ್ತಿತ್ತು. ಆದರೂ ನನ್ನ ಕಾಲು ಎರಡನೆಯದರಲ್ಲೇ ನಿಂತುಬಿಟ್ಟಿತ್ತು. ಹಿಂದಿನಿಂದ ಅಪ್ಪ ಹೇಳಿದ: "ಈಗ ಎಷ್ಟು ಜೋರ ಹೊಡೀತಿ ಹೊಡಿಯಲೇ."