ಉಡಿಯ ಹಣಕ್ಕೆ ಬಂದ ತೆರಿಗೆ

ಇಂದು ಬೆಳಿಗ್ಗೆ ನಾಗರ ಪಂಚಮಿಯ ಉಂಡಿಗೆಂದು ಎಳ್ಳು ಹುರಿಯುತ್ತಿದ್ದಾಗ ಎದ್ದ ವಾಸನೆಗೆ ನನ್ನ ಕೈ ನಿಂತುಹೋಯಿತು. ಬಾಜು ಮನೆಯ ಕಾಕಾ ನೆನಪಾದರು. ಅವರ ವಿಷಯವನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಬರೆದು ರೂಢಿಯಿಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಅನಗೋಳದ ನಮ್ಮ ಓಣಿಯಲ್ಲಿ ಕಾಕಾ ಒಬ್ಬರೇ ಇದ್ದರು. ಖಾನಾಪುರದಲ್ಲಿ ಅವರ ಒಬ್ಬಳೇ ತಂಗಿ. ತಂದೆ ತೀರಿದಾಗ ಆಕೆ, ನಮ್ಮ ಕಡೆಯ ಹೆಣ್ಣುಮಕ್ಕಳ ರೂಢಿಯಂತೆ, ತವರಿನ ಪಾಲು ಬೇಡವೆಂದು ಸಹಿ ಮಾಡಿದ್ದರು. ಹೀಗಾಗಿ ತಂದೆಯ ಶೇರುಗಳೆಲ್ಲ ಕಾಕಾ ಹೆಸರಿಗೆ ಬಂದಿದ್ದವು. ಆದರೆ ಶ್ರಾವಣದ ಹೊತ್ತಿಗೆ ಬರುವ ಲಾಭಾಂಶವನ್ನು ಅವರು ಮುಟ್ಟುತ್ತಿರಲಿಲ್ಲ. ಪಂಚಮಿಗೆ ತಂಗಿ ಬಂದಾಗ ಅಷ್ಟನ್ನೂ ಉಡಿಯಲ್ಲಿ ಹಾಕಿಸುತ್ತಿದ್ದರು. ಅವರ ಹೆಂಡತಿ ಕಾಕು ತೀರಿದ ಮೇಲೆ ಉಡಿ ತುಂಬುವ ಕೆಲಸ ನನ್ನದಾಗಿತ್ತು.

ಮೊದಲು ಲಾಭಾಂಶದ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ನಿಯಮ ಬದಲಾಗಿ, ಶೇರು ಯಾರ ಹೆಸರಿನಲ್ಲಿದೆಯೋ ಅವರ ಆದಾಯಕ್ಕೆ ಅದು ಸೇರತೊಡಗಿತು. ಒಂದು ಭಾಗ ಮೊದಲೇ ಕಡಿತವಾಗಿ ಬಂತು. ಉಳಿದ ತೆರಿಗೆ ಪಿಂಚಣಿಯೊಡನೆ ಕೂಡಿ ಕಾಕಾ ಮೇಲೆ ಬಿತ್ತು. ಕೊಟ್ಟುಬಿಟ್ಟ ಹಣಕ್ಕೂ ಅವರೇ ತೆರಿಗೆದಾರರು. ಅದೇ ಕಾಲಕ್ಕೆ ತಂಗಿಯ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಆ ಮನೆಯ ಔಷಧವೆಲ್ಲ ಈ ಹಣದಿಂದಲೇ...

“ಶೇರು ಖಾನಾಪುರದ ಅಕ್ಕಾರ ಹೆಸರಿಗೆ ಮಾಡಿಬಿಡ್ರಿ ಕಾಕಾ. ಅವರಿಗೆ ಬ್ಯಾರೆ ಆದಾಯ ಇಲ್ಲ, ತೆರಿಗಿನೂ ಬರಂಗಿಲ್ಲ,” ಎಂದೆ.

“ಭಾಳ ಶ್ಯಾಣ್ಯಾಕಿ ಅದಿ ಬಿಡು!” ಎಂದು ನಕ್ಕರು. ಆಮೇಲೆ ಅವರ ದನಿ ಇಳಿಯಿತು. “ರೊಕ್ಕ ನೆಟ್ಟಗ ಆಕಿ ಖಾತೆಗೆ ಹೋದ್ರ, ಗಂಡನ್ನ ಬಿಟ್ಟು ಪಂಚಮಿಗೆ ಯಾಕ ಬರ್ತಾಳವಾ? ಅದೊಂದ ದಿನಾ ನನಗ...”

ಕಡಿತವಾದುದನ್ನು ಅವರು ಕೈಯಿಂದಲೇ ತುಂಬಿಸುತ್ತ ಬಂದರು. ತಂಗಿಗೆ ಹೇಳಲಿಲ್ಲ. ಕಾಕು ಬಿಟ್ಟುಹೋದ ಬಂಗಾರದ ಪಾಟ್ಲಿ ಬಳೆಗಳನ್ನು ಮಾರಿದರು. ಮಾರಲು ಬೇರೇನೂ ಉಳಿಯದಾದಾಗ, ಈ ಬೇಸಿಗೆಯಲ್ಲಿ, ಶೇರುಗಳನ್ನು ತಂಗಿಯ ಹೆಸರಿಗೆ ದಾನವಾಗಿ ವರ್ಗಾಯಿಸಿದರು. ಅಣ್ಣ ಕೊಟ್ಟ ದಾನಕ್ಕೆ ತೆರಿಗೆಯಿರಲಿಲ್ಲ. ಕಡಿತ ಬೇಡವೆಂಬ ಅರ್ಜಿಯನ್ನು ಆಕೆಯಿಂದ ನಾನೇ ಕೊಡಿಸಿದೆ.

“ಇನ್ನ ಆಕಿ ಬರೂದಿಲ್ಲ ನೋಡವಾ,” ಎಂದಿದ್ದರು ಕಾಕಾ. ಆಷಾಢದಲ್ಲಿ ಅವರ ಎದೆಬಡಿತ ನಿಂತಿತು.

ಈ ಮಧ್ಯಾಹ್ನ ಖಾನಾಪುರದ ಬಸ್ಸಿಳಿದು ಆಕೆ ಬಂದರು. ಬೀಗ ಹಾಕಿದ ಬಾಗಿಲ ಮುಂದೆ ಉಂಡಿಯ ಡಬ್ಬಿ ಹಿಡಿದು ನಿಂತಿದ್ದರು.

“ರೊಕ್ಕ ಪೂರಾ ಬಂದೈತ್ರಿ, ಏನೂ ಕಟ್ ಆಗಿಲ್ಲ,” ಎಂದರು. “ಅಣ್ಣಾ ಇಲ್ಲಂತ ಗೊತ್ತೈತಿ, ಆದ್ರೂ ಮನಿಯಾಗ ನಿಲ್ಲಾಕ ಆಗ್ಲಿಲ್ಲ ನೋಡ್ರಿ... ಪಂಚಮಿ ಅಲ್ಲೇನ್ರಿ?”

ಕಾಕಾ ಮನೆಯ ಕಟ್ಟೆಯ ಮೇಲೆಯೇ ಆಕೆ ಸೆರಗೊಡ್ಡಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ ಹಾಕಿದೆ. ಕಾಕಾ ಹೆದರಿದ್ದು ಸುಳ್ಳಾಯಿತು. ಅದನ್ನು ಅವರಿಗೆ ತಿಳಿಸಲು ಇನ್ನು ಯಾವ ವಿಳಾಸವೂ ನನ್ನಲ್ಲಿಲ್ಲ.