ಅತ್ತೆಯ ಮಲ್ಲಿಗೆ ಮತ್ತು ನನ್ನ ಮೂಗು

ಮೂಗು ಕಟ್ಟುವುದು ಯಾವಾಗ ಶುರುವಾಯಿತು ಎಂದು ಕೇಳಿದರೆ ನನ್ನ ನೆನಪು ತಟ್ಟನೆ ಒಂದು ಮಳೆಗಾಲವನ್ನು ತಂದು ನಿಲ್ಲಿಸುತ್ತದೆ. ನಾನು ಅದನ್ನು ನಂಬುವುದಿಲ್ಲ. ನೆನಪಿಗೆ ಮಳೆ ಎಂದರೆ ಸಲೀಸು. ಸೆಕೆಗಾಲದಲ್ಲೇ ಶುರುವಾಗಿದ್ದರೂ ಇರಬಹುದು. ಖಚಿತವಾಗಿ ಗೊತ್ತಿರುವುದು ಇಷ್ಟೇ: ಎಡಕ್ಕೆ ಮಲಗಿದರೆ ಎಡ ಹೊಳ್ಳೆ ಬಂದ್, ಬಲಕ್ಕೆ ಹೊರಳಿದರೆ ಬಲ ಹೊಳ್ಳೆ ಬಂದ್. ಬೆಳಿಗ್ಗೆ ಎದ್ದರೆ ಬಾಯಿಯೆಲ್ಲ ಒಣಗಿದ ಕೊಬ್ಬರಿ. ಗೊರಕೆಯನ್ನು ನಾನು ಕೇಳಿಲ್ಲವಾದ್ದರಿಂದ ಬರೆಯುವಂತಿಲ್ಲ. ಗಂಡನ ಪ್ರಕಾರ ಅದು ಮೀನಿನ ಬೋಟಿನ ಇಂಜಿನ್.

ಕಾಪುವಿನ ನಮ್ಮ ಮನೆಯ ಸುತ್ತ, ಮಹಡಿಯ ಮೇಲೆ, ಎಲ್ಲ ಕಡೆ ಅತ್ತೆಯ ಮಲ್ಲಿಗೆ ಗಿಡಗಳು. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಒಣ ಬಾಳೆಯ ನಾರನ್ನು ನೀರಲ್ಲಿ ನೆನೆಸಿ ಸೀಳಿ, ಅದರಲ್ಲಿ ಹೂ ಕಟ್ಟಿ, ಕೊಂಡುಹೋಗುವವನು ಬರುವ ಮೊದಲು ಮುಗಿಸಬೇಕು. ಮಾವ ತೀರಿದ ಮೇಲೆ ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿದ್ದೇ ಆ ಗಿಡಗಳು. ಹಾಗಾಗಿ ಒಂದು ದಿನ ಊಟದ ನಡುವೆ ಗಂಡ, "ಇವಳ ಮೂಗಿಗೆ ಹೂವೇ ಕಾರಣ. ಗಿಡ ತೆಗೆಸುವ" ಎಂದಾಗ ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಹೂವಿನಿಂದ ಮೂಗು ಕಟ್ಟುವುದಾದರೆ ಉಡುಪಿಯ ಭಟ್ಟರಿಗೆ ಯಾರಿಗೂ ಮೂಗೇ ಇರುತ್ತಿರಲಿಲ್ಲ ಮಾರಾಯ!"

"ಅವರು ಹೂವಿನ ಮಧ್ಯೆ ಮಲಗುವುದಿಲ್ಲ ಅಮ್ಮ."

"ಇವಳು ಮಲಗುತ್ತಾಳಾ? ಇವಳು ಗಿಡದ ಹತ್ತಿರ ಬಂದದ್ದನ್ನೇ ನಾನು ನೋಡಿಲ್ಲ."

ಇದು ನನ್ನ ಪರವೋ ವಿರುದ್ಧವೋ ತಿಳಿಯದೆ ಮೂಗಿಗೆ ಹನಿ ಬಿಟ್ಟುಕೊಂಡೆ. ಮೆಡಿಕಲ್ ಶಾಪಿನ ಪುಟ್ಟ ಬಾಟಲಿ: ಬ್ಯಾಗಿನಲ್ಲೊಂದು, ದಿಂಬಿನಡಿ ಒಂದು. ಬಿಟ್ಟ ಕೂಡಲೇ ಮೂಗು ತೆರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಬಿಗಿಯಾಗಿ ಮುಚ್ಚುತ್ತಿತ್ತು. ಮತ್ತೆ ಹನಿ.

ಕೊನೆಗೆ ಮಣಿಪಾಲಕ್ಕೆ ಹೊರಟೆ. ಅತ್ತೆಯೂ ಹೊರಟರು, ಕೈಯಲ್ಲಿ ಎಲೆ ಸುತ್ತಿದ ಮಲ್ಲಿಗೆ. ಡಾಕ್ಟರು ನನ್ನ ನೆನಪಿನಲ್ಲಿ ಕನ್ನಡಕದವರು. ಅತ್ತೆಯ ನೆನಪಿನಲ್ಲಿ ಕನ್ನಡಕವೇ ಇಲ್ಲ. ಇರಲಿ, ಅವರು ಕ್ಯಾಮೆರಾ ಇರುವ ಸಪೂರ ನಳಿಗೆಯೊಂದನ್ನು ಮೂಗಿಗೆ ತೂರಿಸಿ ಒಳಗಿನದ್ದನ್ನು ಟಿವಿ ಪರದೆಯಲ್ಲಿ ತೋರಿಸಿದರು. ಬೆಂದ ಸಿಗಡಿಯಂತೆ ಬಿಳಿಚಿದ ಗುಲಾಬಿ ಬಣ್ಣದ ಉಬ್ಬೊಂದು ದಾರಿಗೆ ಅಡ್ಡ ಮಲಗಿತ್ತು.

"ಇದು ಟರ್ಬಿನೇಟ್. ಎಲ್ಲರಿಗೂ ಉಂಟು, ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ, ತೇವ ಮಾಡಲಿಕ್ಕೆ. ನಿಮ್ಮದು ಊದಿಕೊಂಡಿದೆ. ಅಲರ್ಜಿ ಇರಬೇಕು. ಮತ್ತೆ ಆ ಹನಿ. ಅದನ್ನು ಕೆಲವೇ ದಿನ ಬಿಡುವುದು. ಮುಂದುವರಿಸಿದರೆ ಅದೇ ಊದಿಸುತ್ತದೆ."

ಅತ್ತೆ ಎಲೆ ಬಿಚ್ಚಿ ಹೂವನ್ನು ನೇರ ನನ್ನ ಮೂಗಿಗೆ ಹಿಡಿದರು. "ಸೀನು, ನೋಡುವ."

ಸೀನು ಬರಲಿಲ್ಲ. ಪರಿಮಳವೂ ಬರಲಿಲ್ಲ.

ಡಾಕ್ಟರು ನಗುತ್ತಾ ಅಲರ್ಜಿ ಪರೀಕ್ಷೆಗೆ ಕಳಿಸಿದರು. ಕೈಯ ಮೇಲೆ ಬೇರೆ ಬೇರೆ ಸಾರದ ಹನಿ ಇಟ್ಟು ಚುಚ್ಚಿದ್ದರಲ್ಲಿ ತುರಿಸಿ ದದ್ದು ಎದ್ದದ್ದು ಬೂಷ್ಟಿನ ಹನಿಗೆ.

"ಬೂಷ್ಟು ಬರುವುದು ಒದ್ದೆಯಲ್ಲಿ," ಎಂದರು ಡಾಕ್ಟರು. "ಮಲಗುವ ಕೋಣೆಯಲ್ಲಿ ಒದ್ದೆಯದ್ದು ಎಂತ ಉಂಟು?"

"ಎಂತದೂ ಇಲ್ಲ," ಎಂದೆ. "ಮಂಚ, ಕಪಾಟು, ಫ್ಯಾನು."

ಅತ್ತೆ ಹೂವನ್ನು ಎಲೆಯಲ್ಲಿ ನಿಧಾನವಾಗಿ ಮತ್ತೆ ಸುತ್ತಿದರು. ಹೇಳಿದರೆ ತಪ್ಪು ತನ್ನದು; ಹೇಳದಿದ್ದರೆ ಗಿಡ ಹೋಗುತ್ತದೆ.

"ಮಂಚದ ಅಡಿಯಲ್ಲಿ ಬಾಳೆ ನಾರು ಉಂಟು ಡಾಕ್ಟ್ರೇ. ದಿನಾ ನೆನೆಸಿ ಮಿಕ್ಕಿದ್ದು. ಎಸೆಯಲು ಮನಸ್ಸು ಬರುವುದಿಲ್ಲ, ಗೋಣಿಯಲ್ಲಿ ತುಂಬಿಸಿ ದೂಡಿದ್ದೇನೆ. ಇವಳು ಮಂಚದಡಿ ಗುಡಿಸುವುದಿಲ್ಲ ಅಲ್ವಾ, ಅಲ್ಲಿ ಭದ್ರ."

ಡಾಕ್ಟರು ಹೇಳಿದರು: ಗೋಣಿ ಹೊರಗೆ, ಹನಿ ಬಂದ್, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ದಿನಾ ಸ್ಟಿರಾಯ್ಡ್ ಸ್ಪ್ರೇ. ಇಳಿಯದಿದ್ದರೆ ಊದಿದ್ದನ್ನು ಕುಗ್ಗಿಸುವ ಸಣ್ಣ ಆಪರೇಷನ್. ಪೂರ್ತಿ ಕತ್ತರಿಸುವುದಲ್ಲ, ಹಾಗೆ ಮಾಡಿದರೆ ಮೂಗು ಒಣಗಿ ಬೇರೆಯೇ ಫಜೀತಿ.

"ಗಿಡ?" ಅತ್ತೆ ಕೇಳಿದರು.

"ಗಿಡ ಇರಲಿ ಅಮ್ಮ."

ನಾರು ಹೊರಗೆ ಹೋಯಿತು, ಮೂಗು ತೆರೆಯಿತು ಎಂದು ಬರೆದರೆ ಚೆಂದ. ಹಾಗಾಗಲಿಲ್ಲ. ಹನಿ ನಿಲ್ಲಿಸಿದ ಮೊದಲ ದಿನಗಳಲ್ಲಿ ಕೂತೇ ನಿದ್ದೆ ಮಾಡಿದೆ. ಅತ್ತೆಯ ಮೇಲೆ ಸಿಟ್ಟು ಮಾಡಲೂ ಉಸಿರು ಸಾಲಲಿಲ್ಲ. ವಾರಗಳು ಕಳೆದು ಬಲ ಹೊಳ್ಳೆ ತೆರೆಯಿತು. ಎಡದ್ದು ಈಗಲೂ ಮನಸ್ಸು ಬಂದಾಗ ಮಾತ್ರ. ಆಪರೇಷನ್ ಸದ್ಯಕ್ಕೆ ಬೇಡವೆಂದಿದ್ದಾರೆ; ಅದು ಸ್ಪ್ರೇಯ ಗುಣವೋ, ಉಪ್ಪುನೀರಿನದ್ದೋ, ಗೋಣಿ ಹೋದದ್ದರದ್ದೋ, ಹೇಳಲಾರೆ. ಅತ್ತೆಗೆ ಮಾತ್ರ ಅನುಮಾನವೇ ಇಲ್ಲ: ಗಿಡ ನಿರಪರಾಧಿ. ಆ ಖುಷಿಗೆ ಹೊಸ ಕುಂಡಗಳು ಬಂದವು. ಗಂಡ ಮಹಡಿಗೆ ಮಣ್ಣು ಹೊರುತ್ತಿದ್ದಾನೆ.

"ಅತ್ತೆ, ಇವರಿಗೆ ಏದುಸಿರು ಬರುತ್ತಾ ಉಂಟು."

"ಬರಲಿ. ತೆಗೆಸುವ ಎಂದದ್ದು ಅವನೇ ಅಲ್ವಾ? ಇನ್ನು ಎರಡು ಬುಟ್ಟಿ ಉಂಟು."